ಓಟೂ ನಗೆಯೂ

ನಮ್ಮ ಮನೆಯಲ್ಲಿ ಒಂದು ಆಟ ಉಂಟು. ಅದಕ್ಕೆ ಚರ್ಚೆಯಾಟ ಎಂದು ಹೆಸರು. ಚೌಕಾಬಾರಕ್ಕೆ ಕವಡೆ ಬೇಕು, ಪಗಡೆಗೆ ಹಾಸು ಬೇಕು. ಈ ಆಟಕ್ಕೆ ಒಂದು ಸೌಟು ಮತ್ತು ಗಟ್ಟಿಯಾದ ಗಂಟಲು ಇದ್ದರೆ ಸಾಕು. ಸೌಟು ಹಿಡಿದವನು ನಿರೂಪಕ. ಉಳಿದವರು ಊಟದ ಮನೆಯ ಕುರ್ಚಿಗಳ ಹಿಂದೆ ಮಂಡಿಯೂರಿ, ಬೆನ್ನಿನ ಚೌಕಟ್ಟಿನಿಂದ ಮುಖವನ್ನಷ್ಟೇ ತೋರಿಸುತ್ತ ಕೂರಬೇಕು. ಒಬ್ಬೊಬ್ಬರಿಗೆ ಒಂದೊಂದು ಪಕ್ಷ. ನಿರೂಪಕ ಪ್ರಶ್ನೆ ಕೇಳುತ್ತಾನೆ, ಉತ್ತರಿಸುವವರನ್ನು ತಡೆಯುತ್ತಾನೆ. ಯಾರಾದರೂ ಒಂದು ವಾಕ್ಯವನ್ನು ಕ್ರಿಯಾಪದದವರೆಗೆ ಮುಟ್ಟಿಸಿಬಿಟ್ಟರೆ ನಿರೂಪಕ ಸೋತಂತೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ, ಮಾಡಿದರೋ ಮಾಡಲಿಲ್ಲವೋ ಎಂಬುದು ಕೊನೆಯ ಅಕ್ಷರದವರೆಗೆ ತಿಳಿಯದು. ಆದ್ದರಿಂದ ನಮ್ಮ ಟೆಲಿವಿಷನ್ನಿನಲ್ಲಿ ದಿನವೂ ಎಷ್ಟು ಮಂದಿ ಏನು ಹೇಳಹೊರಟಿದ್ದರೆಂಬುದು ದೇವರೊಬ್ಬನಿಗೇ ಗೊತ್ತು.

ಆಟದ ಬೀಜ ಬಿದ್ದದ್ದು 2019ರ ಜುಲೈಯಲ್ಲಿ. ಆ ತಿಂಗಳು 18ನೆಯ ತಾರೀಖು ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ಆರಂಭವಾಗಿ, ಇವತ್ತು ಮುಗಿದೀತು ನಾಳೆ ಮುಗಿದೀತು ಎನ್ನುತ್ತ, 23ರ ಸಂಜೆ 99ಕ್ಕೆ 105ರಂತೆ ಸರ್ಕಾರ ಬಿತ್ತು. ಅಷ್ಟು ದಿನವೂ ನಮ್ಮ ಮನೆಯಲ್ಲಿ ಟೆಲಿವಿಷನ್ ಆರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2018ರ ಮೇ 17ಕ್ಕೆ ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ 19ಕ್ಕೆ ರಾಜೀನಾಮೆ ಕೊಟ್ಟದ್ದನ್ನು ನಾವು ಒಂದು ದಿನದ ಕ್ರಿಕೆಟ್ಟಿನಂತೆ ಕೂತು ನೋಡಿದ್ದೆವು. ಹೀಗೆ ನಮ್ಮ ಮಕ್ಕಳು ಪುಣ್ಯಕೋಟಿಯ ಕಥೆ ಕೇಳುವ ವಯಸ್ಸಿನಲ್ಲಿ ವಿಪ್ ಎಂದರೇನು, ಅನರ್ಹತೆ ಎಂದರೇನು, ರೆಸಾರ್ಟ್ ಎಂದರೇನು ಎಂಬುದನ್ನು ಕಲಿತರು.

ಹುಡುಗ ದೊಡ್ಡವನಾದಂತೆ ಸೌಟು ಅವನಿಗೇ ಖಾಯಂ ಆಯಿತು. ಅವನ ಗಂಟಲು ಅಂಥದು. ಅವನಕ್ಕ ಎಲ್ಲ ಪಕ್ಷಗಳ ವಕ್ತಾರಳು. ಅನುಕರಣೆ ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ನಮ್ಮಮ್ಮ 'ರಾಜಕೀಯ ವಿಶ್ಲೇಷಕರು'. ಮಂಡಿ ನೋವಿನ ಕಾರಣ ಅವರಿಗೆ ಕುರ್ಚಿಯ ಹಿಂದಲ್ಲ, ಮೇಲೇ ಕೂರುವ ರಿಯಾಯಿತಿ. ಹುಡುಗ ಕಾಗದದ ಪಟ್ಟಿಗಳ ಮೇಲೆ ಸುದ್ದಿ ಬರೆದು ಕುರ್ಚಿಗಳ ಕೆಳಗೆ ಅಂಟಿಸುತ್ತಿದ್ದ: 'ಉಪ್ಪಿಟ್ಟಿನಲ್ಲಿ ಉಪ್ಪಿಲ್ಲ: ಅಡುಗೆಮನೆಯಲ್ಲಿ ಭಿನ್ನಮತ ಸ್ಫೋಟ.' ಅಡುಗೆಮನೆಯ ಪಕ್ಷದ ಅಧ್ಯಕ್ಷೆಯಾದ ನನ್ನ ಹೆಂಡತಿ ಪ್ರತಿಕ್ರಿಯೆ ನೀಡಲು ನಿರಾಕರಿಸುತ್ತಿದ್ದಳು. ನಗುವಿಗೆ ಬರವಿರಲಿಲ್ಲ. ರಾಜಕೀಯದಿಂದ ನಮ್ಮಂಥ ಸಂಸಾರಕ್ಕೆ ಸಿಗುವುದಾದರೂ ಏನು, ಇಷ್ಟು ವಿನೋದವಾದರೂ ಸಿಗಲಿ ಎಂದು ನಾನೂ ಮಂಡಿಯೂರುತ್ತಿದ್ದೆ.

ಇಷ್ಟೆಲ್ಲ ನಡುವೆ ನಾನು ಒಂದು ವ್ರತವನ್ನು ಕಾಪಾಡಿಕೊಂಡು ಬಂದಿದ್ದೆ. ನಾನು ಯಾರಿಗೆ ಓಟು ಹಾಕುತ್ತೇನೆಂಬುದನ್ನು ಮಕ್ಕಳಿಗೆ ಹೇಳಿದವನಲ್ಲ. ಮಕ್ಕಳಿಗೇನು, ಹೆಂಡತಿಗೂ ಹೇಳಿದವನಲ್ಲ. ಇದು ನನಗೆ ಪಿತ್ರಾರ್ಜಿತವಾಗಿ ಬಂದದ್ದು. ನಮ್ಮ ತಂದೆಯವರು ಹೇಳುತ್ತಿರಲಿಲ್ಲ. 1989ರ ನವೆಂಬರಿನಲ್ಲಿ, ಹದಿನೆಂಟು ತುಂಬಿದವರಿಗೆಲ್ಲ ಮತಾಧಿಕಾರ ಬಂದ ಮೇಲಿನ ಮೊದಲ ಮಹಾಚುನಾವಣೆಯಲ್ಲಿ, ಅವರ ಜೊತೆ ಪಕ್ಕದ ಮನೆಯ ಟೆಲಿವಿಷನ್ನಿನ ಮುಂದೆ ಕೂತಿದ್ದು ನನಗೆ ನೆನಪಿದೆ. ಆಗ ಕಾಗದದ ಮತಪತ್ರಗಳು. ಎಣಿಕೆ ದಿನಗಟ್ಟಲೆ ನಡೆಯುತ್ತಿತ್ತು. ದೂರದರ್ಶನದವರು ನಡುವೆ ಸಿನಿಮಾ ಹಾಕುತ್ತಿದ್ದರು; ಸಿನಿಮಾ ನಿಲ್ಲಿಸಿ ಒಂದಷ್ಟು ಫಲಿತಾಂಶ, ಮತ್ತೆ ಸಿನಿಮಾ. ಹುಡುಗರಾದ ನಮಗೆ ಅದು ಜಾತ್ರೆ. ಕರೆಸಿಕೊಂಡವರು ತಮ್ಮ ಮಾತನ್ನು ಪೂರ್ತಿ ಮುಗಿಸುತ್ತಿದ್ದರು; ಕೇಳುವವರಿಗೆ ಆಕಳಿಕೆ ಬರುತ್ತಿತ್ತು. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆಗಿನ ದೂರದರ್ಶನ ಸರ್ಕಾರದ ಮನೆಯ ಕೂಸು. ಪ್ರಸಾರ ಭಾರತಿ ಎಂಬ ಬೇರೆ ಸಂಸ್ಥೆಯ ಕೈಗೆ ಅದು ಹೋದದ್ದು 1997ರಲ್ಲಿ. ಒಬ್ಬರೇ ಮಾತಾಡುವ ಮನೆಯಲ್ಲಿ ಮಾತು ಮುಗಿಸುವುದು ಕಷ್ಟವಲ್ಲ.

ಅಂದು ನಾನು ತಂದೆಯವರನ್ನು ಕೇಳಿದೆ: 'ನೀವು ಯಾರಿಗೆ ಹಾಕಿದಿರಿ?' ಅವರು ಶಾಯಿ ಹಚ್ಚಿದ ಎಡಗೈ ತೋರುಬೆರಳನ್ನು ಎತ್ತಿ ತೋರಿಸಿ, 'ಹಾಕಿದ್ದು ಮಾತ್ರ ಹೇಳಬೇಕು ಅಂತ ಈ ಗುರುತು. ಯಾರಿಗೆ ಅಂತ ಹೇಳಬೇಕಾಗಿದ್ದರೆ ಬಣ್ಣ ಬಣ್ಣದ ಶಾಯಿ ಮಾಡ್ತಿದ್ದರು,' ಎಂದರು. ಆ ಶಾಯಿ ನಮ್ಮೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲೇ 1962ರ ಚುನಾವಣೆಯಿಂದ ಅದು ತಯಾರಾಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಮೈಸೂರಿನವರಿಗೆ ಈ ಬಗ್ಗೆ ಸ್ವಲ್ಪ ಹೆಮ್ಮೆ ಇದೆ, ನನಗೂ ಇದೆ. ತಂದೆಯವರ ಮಾತು ಮಾತ್ರ ನನ್ನ ಮನಸ್ಸಿಗೆ ಆ ಶಾಯಿಯಂತೆಯೇ ಕಚ್ಚಿಕೊಂಡಿತು. ಮುಂದೆ ನನ್ನ ಮಕ್ಕಳು ಕೇಳಿದಾಗ ನಾನೂ ಬೆರಳನ್ನು ಎತ್ತಿ ತೋರಿಸಿದೆ. ಮಕ್ಕಳ ಮೇಲೆ ನನ್ನ ಅಭಿಪ್ರಾಯವನ್ನು ಹೇರಬಾರದು, ಗೋತ್ರದ ಹಾಗೆ ಪಕ್ಷವೂ ತಂದೆಯಿಂದ ಬರಬಾರದು ಎಂಬ ದೊಡ್ಡ ತತ್ತ್ವವನ್ನೂ ಆ ಬೆರಳಿಗೆ ಜೋಡಿಸಿಕೊಂಡಿದ್ದೆ.

2023ರ ಮೇ 13, ಶನಿವಾರ. ವಿಧಾನಸಭೆಯ ಮತ ಎಣಿಕೆ. ಈಗ ಯಂತ್ರದ ಕಾಲ; ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಗೊತ್ತಾಗಿಹೋಗುತ್ತದೆ. ಇನ್ನೂರ ಇಪ್ಪತ್ತನಾಲ್ಕರಲ್ಲಿ ಯಾರಿಗೆ ಎಷ್ಟು ಎಂಬುದು ಇತ್ಯರ್ಥವಾಗಿ, ಸೋತವರು ಆತ್ಮಾವಲೋಕನ ಮಾಡಿಕೊಳ್ಳುತ್ತೇವೆಂದೂ ಗೆದ್ದವರು ಜನತಾ ಜನಾರ್ದನನೆಂದೂ ಹೇಳುವ ಹೊತ್ತು. ಮಗಳ ಸ್ನೇಹಿತೆಯೊಬ್ಬಳು ಬಂದಿದ್ದಳು. ಪಕ್ಕದ ಬೀದಿಯ ಹುಡುಗಿ. ಅವರ ತಂದೆಗೆ ಹಿಟ್ಟಿನ ಗಿರಣಿ ಇದೆ. ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. ಅವಳನ್ನೂ ಒಂದು ಕುರ್ಚಿಯ ಹಿಂದೆ ಕೂರಿಸಿ ಚರ್ಚೆಯಾಟ ಹೂಡಿದರು. ನನ್ನ ಮಗಳು ಒಬ್ಬ ನಾಯಕರ ಪಾತ್ರ ವಹಿಸಿದಳು. ಯಾವ ನಾಯಕರು, ಯಾವ ಪಕ್ಷ ಎಂದು ನಾನು ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಮಂದಿ ಇಲ್ಲಿಗೇ ಪತ್ರಿಕೆ ಮಡಿಸುತ್ತೀರಿ, ಉಳಿದರ್ಧ ಮಂದಿ ಬೇರೆ ಕಾರಣಕ್ಕೆ ಓದುತ್ತೀರಿ. ಅವರು ಹಳ್ಳಿಯಿಂದ ಬಂದವರು, ಹಕಾರ ನಾಲಗೆಗೆ ಹತ್ತದು, ಎಂದಷ್ಟೇ ಹೇಳಿದರೆ ಸಾಕು. ಅಂಥವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ಮಗಳು ಚೆನ್ನಾಗಿಯೇ ಮಾಡಿದಳು. ಹಾಲಿಗೆ 'ಆಲು', ಹೋರಾಟಕ್ಕೆ 'ಓರಾಟ', ಅದನ್ನು ಸರಿಮಾಡಲು ಹೋಗಿ ಆಡಳಿತಕ್ಕೆ 'ಹಾಡಳಿತ'. ಹುಡುಗ ಸೌಟು ಬಿಸಾಕಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಇದೇ ಅನುಕರಣೆಯನ್ನು ನಾಲ್ಕಾರು ಸಲ ಟೆಲಿವಿಷನ್ನಿನ ಮುಂದೆ ನಾನೇ ಮಾಡಿ ತೋರಿಸಿದ್ದೆ. ಶಿಷ್ಯೆ ಗುರುವನ್ನು ಮೀರಿಸಿದ್ದಳು. ಆ ಹುಡುಗಿ ಮಾತ್ರ ಕುರ್ಚಿಯ ಚೌಕಟ್ಟಿನೊಳಗಿಂದ ನೋಡುತ್ತಿದ್ದವಳು ಎದ್ದು ನಿಂತಳು. 'ನಮ್ಮಪ್ಪಾನೂ ಹಂಗೇ ಮಾತಾಡೋದು,' ಎಂದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಮ್ಮ ಕರೀತಾರೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಮಾರನೆಯ ದಿನ ಬರಲಿಲ್ಲ. ಆ ರಜೆಯಲ್ಲಿ ಮತ್ತೆ ಬರಲೇ ಇಲ್ಲ. ಶಾಲೆ ತೆರೆದ ಮೇಲೆ ಬೇರೆ ಬೆಂಚಿನಲ್ಲಿ ಕೂತಳೆಂದು ಮಗಳು ಊಟಕ್ಕೆ ಕೂತಾಗ ಹೇಳಿದಳು. ನಾನು ತಂದೆಯ ಗಾಂಭೀರ್ಯದಿಂದ, 'ಒಬ್ಬರ ಮಾತಿನ ರೀತಿಯನ್ನ ಹಾಗೆ ಆಡಿಕೊಳ್ಳಬಾರದಮ್ಮ,' ಎಂದೆ. ಅವಳು ತಟ್ಟೆಯಿಂದ ಮುಖ ಎತ್ತಿದಳು.

'ನೀನು ಆಡಿಕೊಳ್ತಿದ್ದೆಯಲ್ಲ?'

'ನಾನು ಅವರ ರಾಜಕೀಯಕ್ಕೆ ನಗ್ತಿದ್ದೆ.'

'ಅವರ ರಾಜಕೀಯ ಏನು ಅಂತ ನೀನು ಯಾವತ್ತೂ ಹೇಳಲೇ ಇಲ್ಲ.'

ಹುಡುಗ ನಡುವೆ ಬಾಯಿ ಹಾಕಿ, 'ಅಪ್ಪ ಓಟು ಹಾಕೋದು ಯಾರಿಗೆ ಅಂತ ನಮಗೆ ಗೊತ್ತು,' ಎಂದು ಹೆಸರು ಹೇಳಿಯೇಬಿಟ್ಟ. ಸರಿಯಾಗಿತ್ತು. ನಾನು ತಬ್ಬಿಬ್ಬಾಗಿ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವನಿಗೆ ಅದೊಂದು ಮಹಾ ರಹಸ್ಯವೆಂದೇ ಅನಿಸಿರಲಿಲ್ಲ. 'ನೀನು ಯಾರು ಬಂದರೆ ನಗೋದಿಲ್ಲ ಅಂತ ನೋಡ್ಕೊಂಡ್ವಿ, ಅಷ್ಟೆ.'

ಆಗ ನಮ್ಮಮ್ಮ, 'ನಿಮ್ಮ ತಾತಾನೂ ಹೇಳ್ತಿರಲಿಲ್ಲ ಕಣೋ. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುವಾಗ ಯಾರ ಹೆಸರು ಬಂದರೆ ಕಾಫಿ ಲೋಟ ಕುಕ್ಕಿ ಕೆಳಗಿಡ್ತಾರೆ ಅಂತ ನೋಡಿಕೊಂಡಿದ್ದೆ. ನಂಗೆಲ್ಲ ಗೊತ್ತಿತ್ತು,' ಎಂದರು. ಎರಡು ತಲೆಮಾರಿನ ಗುಟ್ಟು ಒಂದು ಊಟದಲ್ಲಿ ಹೀಗೆ ಬಯಲಾಯಿತು.

ಇದೇನು ಮಹಾ ವಿಷಯವೆಂದು ಓದುಗರು ಕೇಳಬಹುದು. ನನಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಗುಟ್ಟು ಬಯಲಾದದ್ದಕ್ಕಲ್ಲ. ಕಾನೂನು ನೋಡಿದರೆ ನಾನೇನೂ ಗುಟ್ಟು ಇಟ್ಟುಕೊಳ್ಳಲೇಬೇಕಾಗಿರಲಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಮತದ ಗುಟ್ಟನ್ನು ಕಾಯುವ ಕರ್ತವ್ಯ ಚುನಾವಣೆ ನಡೆಸುವವರದು. ಯಾರಿಗೆ ಹಾಕಿದೆ ಎಂದು ನನ್ನ ಬಾಯಿ ಬಿಡಿಸಕೂಡದು ಎಂಬ ರಕ್ಷಣೆ ನನ್ನದು. ನಾನಾಗಿ ಹೇಳಿದರೆ ತಡೆಯುವವರಿಲ್ಲ. ಯಂತ್ರದ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ನನ್ನ ಓಟಿನ ಚೀಟಿ 7 ಸೆಕೆಂಡು ನಿಂತು ನನಗೊಬ್ಬನಿಗೇ ಮುಖ ತೋರಿಸಿ ಒಳಗೆ ಬೀಳುತ್ತದೆ. ಅಷ್ಟು ಜೋಪಾನ ಅದಕ್ಕೆ. ಮತಗಟ್ಟೆಯೊಳಗೆ ಬರಬಹುದಾದವರ ಪಟ್ಟಿಯಲ್ಲಿ ಮತದಾರರ ತೋಳಿನಲ್ಲಿರುವ ಕೂಸನ್ನೂ ಸೇರಿಸಿದ್ದಾರೆ. ಪ್ರಶ್ನೆ ಕೇಳಲು ಬಾರದ ವಯಸ್ಸಿನವರಿಗೆ ಪ್ರವೇಶವಿದೆ, ಬಂದವರಿಗಿಲ್ಲ.

ಈ ವಿಷಯದಲ್ಲಿ ಜಾನ್ ಸ್ಟೂಅರ್ಟ್ ಮಿಲ್ಲನ ವಾದ ವಿಚಿತ್ರವಾದದ್ದು. ಕಾಲೇಜಿನಲ್ಲಿ ಓದಿ ಮರೆತಿದ್ದದ್ದು ಆ ರಾತ್ರಿ ನೆನಪಿಗೆ ಬಂದು ಎದ್ದು ಪುಸ್ತಕ ಹುಡುಕಿದೆ. ಸ್ವಾತಂತ್ರ್ಯದ ಪರಮ ಪಕ್ಷಪಾತಿಯಾದ ಈತ ಪ್ರಾತಿನಿಧಿಕ ಸರ್ಕಾರವನ್ನು ಕುರಿತ ತನ್ನ 1861ರ ಗ್ರಂಥದಲ್ಲಿ ಗುಟ್ಟಿನ ಮತದಾನವನ್ನು ವಿರೋಧಿಸುತ್ತಾನೆ. ಮತವೆಂಬುದು ನನ್ನ ಜೇಬಿನ ದುಡ್ಡಲ್ಲ, ನನ್ನಲ್ಲಿ ಇಟ್ಟ ನ್ಯಾಸ. ಮತವಿಲ್ಲದವರ ಪರವಾಗಿಯೂ ನಾನು ಅದನ್ನು ಚಲಾಯಿಸುತ್ತಿದ್ದೇನೆ. ಆದ್ದರಿಂದ ಹೇಗೆ ಚಲಾಯಿಸಿದೆನೆಂದು ತಿಳಿಯುವ ಅಧಿಕಾರ ಅವರಿಗಿದೆ ಎಂಬುದು ಅವನ ತರ್ಕ. ಲೋಕ ಅವನ ಮಾತು ಕೇಳಲಿಲ್ಲ. ಜಮೀನುದಾರನ ಕಣ್ಣೆದುರು ಕೈಯೆತ್ತಿ ಮತ ಹೇಳಬೇಕಾದ ಗೇಣಿದಾರನ ಪಾಡು ಗೊತ್ತಿದ್ದವರು ಕೇಳುವಂತೆಯೂ ಇರಲಿಲ್ಲ. 1872ರಲ್ಲಿ ಇಂಗ್ಲೆಂಡು ಗುಟ್ಟಿನ ಮತದಾನವನ್ನು ಕಾಯಿದೆ ಮಾಡಿತು. ಅದು ಸರಿಯೇ. ನಮ್ಮ ಹಳ್ಳಿಗಳಲ್ಲಿ ಗುಟ್ಟಿಲ್ಲದ ಮತದಾನ ಇದ್ದಿದ್ದರೆ ಎಷ್ಟು ಮಂದಿ ತಮ್ಮ ಮನಸ್ಸಿನಂತೆ ಓಟು ಹಾಕುತ್ತಿದ್ದರು?

ಆದರೆ ಮಿಲ್ಲನ ಮಾತಿನಲ್ಲಿ ಒಂದು ಮುಳ್ಳಿದೆ, ಅದು ಜಮೀನುದಾರನನ್ನು ಬಿಟ್ಟು ನೇರವಾಗಿ ನನ್ನ ಊಟದ ಮನೆಗೆ ಬರುತ್ತದೆ. ನನ್ನ ಮನೆಯಲ್ಲಿ ಮತವಿಲ್ಲದವರು ಯಾರು? ಈ ಇಬ್ಬರು ಮಕ್ಕಳು. ನಾನು ಆರಿಸಿದ ಸರ್ಕಾರದ ಶಾಲೆ, ರಸ್ತೆ, ಸಾಲ ನನಗಿಂತ ಹೆಚ್ಚು ಕಾಲ ಅವರ ತಲೆಯ ಮೇಲೆ. ನನಗೆ ಅವರಿಂದ ಯಾವ ಭಯವೂ ಇಲ್ಲ, ಅವರು ನನ್ನನ್ನು ಗೇಣಿ ಬಿಡಿಸುವವರಲ್ಲ. ಗುಟ್ಟಿಗೆ ಇರುವ ಕಾರಣ ಅವರ ಮುಂದೆ ಇಲ್ಲ. ಲೆಕ್ಕ ಒಪ್ಪಿಸಬೇಕಾದ ಕಾರಣ ಮಾತ್ರ ಇದೆ. ತಂದೆಯ ಅಭಿಪ್ರಾಯ ಮಗುವಿನ ಮೇಲೆ ಭಾರವಾಗದೆ ಎಂದರೆ, ಆಗಬಹುದು. ಆದರೆ ಈ ಮಿಲ್ಲನನ್ನೇ ನೋಡಿ: ಅವನ ತಂದೆ ಜೇಮ್ಸ್ ಮಿಲ್ ಮಗನಿಗೆ ಮೂರು ವರ್ಷಕ್ಕೇ ಗ್ರೀಕ್ ಹೇಳಿಕೊಟ್ಟು, ತನ್ನ ಅಭಿಪ್ರಾಯಗಳನ್ನೆಲ್ಲ ಕಾರಣಸಮೇತ ತಲೆಗೆ ತುಂಬಿದ. ಗುಟ್ಟಿನ ಮತದಾನ ಬೇಕೇ ಬೇಕೆಂದು ವಾದಿಸಿದವರಲ್ಲಿ ಆ ತಂದೆ ಪ್ರಮುಖ. ಮಗ ಬೆಳೆದು ಅದಕ್ಕೇ ತಿರುಗಿ ನಿಂತ. ಜೇಮ್ಸ್ ಮಿಲ್ಲನ ಶಿಕ್ಷಣವನ್ನು ನಾನು ಯಾವ ಮಗುವಿಗೂ ಬಯಸೆ. ಇಪ್ಪತ್ತನೆಯ ವಯಸ್ಸಿಗೆ ಮಗ ಬದುಕೇ ಬೇಡವೆನ್ನುವಷ್ಟು ಖಿನ್ನನಾದ. ಆದರೂ ಅವನಿಗೆ ತಂದೆಯ ವಿರುದ್ಧ ನಿಲ್ಲಲು ಜಾಗವಿತ್ತು, ಏಕೆಂದರೆ ತಂದೆ ಕೊಟ್ಟದ್ದು ಕಾರಣಗಳು. ಕಾರಣಕ್ಕೆ ಎದುರು ಕಾರಣ ಹೇಳಬಹುದು.

ನಾನು ನನ್ನ ಮಕ್ಕಳಿಗೆ ಕೊಟ್ಟದ್ದು ನಗು. ನಗುವಿಗೆ ಎದುರು ಏನು ಹೇಳುವುದು? ಜೊತೆಗೆ ನಗಬೇಕು, ಇಲ್ಲವೆ ಆ ಹುಡುಗಿಯಂತೆ ಚಪ್ಪಲಿ ಮೆಟ್ಟಿಕೊಂಡು ಹೋಗಬೇಕು. ಚರ್ಚಿಸಬಹುದಾದದ್ದನ್ನು ನಾನು ವ್ರತವೆಂದು ಬಚ್ಚಿಟ್ಟೆ. ಚರ್ಚಿಸಲಾಗದ್ದನ್ನು ದಿನವೂ ರಾತ್ರಿ ಒಂಬತ್ತು ಗಂಟೆಗೆ ಧಾರಾಳವಾಗಿ ಹಂಚಿದೆ.

ಇನ್ನೊಂದು ಇದಕ್ಕಿಂತ ಕಹಿ. ನಾನು ನಕ್ಕದ್ದು ನಿಜವಾಗಿ ಯಾತಕ್ಕೆ? ಆ ನಾಯಕರ ನೀತಿಯ ವಿರುದ್ಧ ನನ್ನಲ್ಲಿ ಎರಡು ಮೂರು ಗಟ್ಟಿ ಆಕ್ಷೇಪಗಳಿವೆ. ಅವನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ನಗು ಬಂದದ್ದು 'ಆಲು' ಎಂದಾಗ. ಎಂದರೆ ಅವರು ನನ್ನ ಪಕ್ಷದಲ್ಲೇ ಇದ್ದಿದ್ದರೂ ನಗು ಒಳಗೆ ಇದ್ದೇ ಇರುತ್ತಿತ್ತು, ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಅಷ್ಟೆ. ರಾಜಕೀಯ ಅಭಿಪ್ರಾಯವೆಂದು ನಾನು ತಿಳಿದಿದ್ದದ್ದರಲ್ಲಿ ಎಷ್ಟು ಪಾಲು ಈ ಹಕಾರ? ಹಕಾರದ ಸಮಾಚಾರ ನೋಡಿದರೆ ಅದರಲ್ಲಿ ಅಹಂಕಾರಕ್ಕೂ ಆಸ್ಪದವಿಲ್ಲ. ಹತ್ತನೆಯ ಶತಮಾನದ ಪಂಪನ ಬಾಯಲ್ಲಿ ಅದು 'ಪಾಲ್'. ಮುಂದಿನ ಕೆಲವು ಶತಮಾನಗಳಲ್ಲಿ ಆ ಪಕಾರ ಸವೆದು 'ಹಾಲು' ಆಯಿತು. ಹಳ್ಳಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಆಲು' ಎಂದರು. ಪಂಪನೇನಾದರೂ ನಮ್ಮ ಬೀದಿಗೆ ಬಂದರೆ ನನ್ನ ಹಾಲನ್ನೂ ಗಿರಣಿಯವರ ಆಲನ್ನೂ ಒಂದೇ ತರದ ಅಪಭ್ರಂಶವೆನ್ನುತ್ತಾನೆ. ಇನ್ನು ಮಹಾಪ್ರಾಣವನ್ನು ನಾವು ಓದಿದವರು ಎಷ್ಟರಮಟ್ಟಿಗೆ ಉಚ್ಚರಿಸುತ್ತೇವೆಂಬುದು ಬೇರೆ ಮಾತು. 'ಧನ'ವನ್ನು 'ದನ'ವೆನ್ನದ ಬ್ಯಾಂಕಿನವರನ್ನು ನಾನು ಕಂಡಿಲ್ಲ, ನಾನೂ ಬ್ಯಾಂಕಿನವನೇ.

ಹಾಗೆಂದು ಆಳುವವರನ್ನು ಕಂಡು ನಗಬಾರದೆ? ನಗಲೇಬೇಕು. 1942ರಲ್ಲಿ ರಾಶಿಯವರು ಹುಟ್ಟುಹಾಕಿದ 'ಕೊರವಂಜಿ'ಯನ್ನು ಓದಿ ನಕ್ಕ ಮನೆತನ ನಮ್ಮದು. ನಗು ನಿಂತ ಊರಿನಲ್ಲಿ ಆಳುವವರಿಗೆ ತಲೆ ತಿರುಗುತ್ತದೆ. ನನ್ನ ಮೊದಲ ಚಿಕಿತ್ಸೆ ಆ ದಾರಿಯದೇ ಆಗಿ ಕೆಟ್ಟಿತು: ಒಂದು ವಾರ ವಾರ್ತೆಯ ಮುಂದೆ ಸಂಧ್ಯಾವಂದನೆಗೆ ಕೂತವನಂತೆ ಮುಖ ಬಿಗಿದು ಕೂತೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದುಹೋದರು. ಹೆಂಡತಿ ಬಂದು, 'ನಗಬೇಡಿ ಅಂತ ಯಾರು ಹೇಳಿದ್ದು? ಅವರು ಮಾಡಿದ್ದು ಏನು ಅಂತ ಹೇಳಿ, ಆಮೇಲೆ ನಗಿ,' ಎಂದಳು. ಅದನ್ನೇ ಆಟದ ನಿಯಮ ಮಾಡಿದೆವು: ಯಾರನ್ನಾದರೂ ಅನುಕರಿಸುವ ಮೊದಲು ಅವರು ಮಾಡಿದ ಒಂದು ಕೆಲಸ ಹೇಳಬೇಕು. ನಿಯಮ ಒಳ್ಳೆಯದೇ. ಆಟ ಮಾತ್ರ ಸಪ್ಪೆಯಾಯಿತು. 'ಇದು ಸಮಾಜ ವಿಜ್ಞಾನ ಆಯ್ತು,' ಎಂದು ಹುಡುಗ ಸೌಟನ್ನು ಅಡುಗೆಮನೆಗೆ ಹಿಂತಿರುಗಿಸಿದ. ಈಗ ಅಪರೂಪಕ್ಕೆ ಆಡುತ್ತೇವೆ.

ಗಿರಣಿಗೆ ಹೋಗಿ ಕ್ಷಮೆ ಕೇಳಬೇಕೆಂದು ತೀರ್ಮಾನಿಸಲು ನನಗೆ ಹದಿನೈದು ದಿನ ಹಿಡಿಯಿತು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಐದು ಕಿಲೋ ರಾಗಿಯ ಡಬ್ಬ ಹಿಡಿದುಕೊಂಡು ಹೋದೆ. ಅವರು ತೂಗಿ, 'ನೈಸಾಗಿ ಬೀಸ್ಲಾ ಸಾರ್?' ಎಂದು ಕೇಳಿ ಯಂತ್ರ ಹಾಕಿದರು. ಆ ಸದ್ದಿನಲ್ಲಿ ನಾನು ಹೇಳಿದ್ದು ಅವರಿಗೆ ಎಷ್ಟು ಕೇಳಿಸಿತೋ ತಿಳಿಯದು. ಮೊದಲೇ ನಾನು ಹೇಳಿದ್ದೂ ಅಷ್ಟಕ್ಕಷ್ಟೆ. 'ಮಕ್ಕಳು ಏನೋ ಆಟ ಆಡುವಾಗ...' ಎಂದು ಆರಂಭಿಸಿದವನು ತಪ್ಪನ್ನು ಮಕ್ಕಳ ತಲೆಗೇ ಕಟ್ಟಿ ಮುಗಿಸಿದೆ. ನಾನು, ನನ್ನ ನಗು, ಅದರಲ್ಲಿ ಬರಲೇ ಇಲ್ಲ. ಅವರು ಬಿಸಿ ಹಿಟ್ಟನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿ, 'ಓಗ್ಲಿ ಬುಡಿ ಸಾರ್, ಮಕ್ಳು ಆಟ,' ಎಂದರು. ಬೀಸಿದ ಕೂಲಿ ತೆಗೆದುಕೊಂಡರು. ಡಬ್ಬ ಮನೆಗೆ ಬರುವವರೆಗೂ ಬಿಸಿಯಾಗಿತ್ತು.

2024ರ ಏಪ್ರಿಲ್ 26, ಲೋಕಸಭೆಯ ಮತದಾನ. ಸರತಿಯಲ್ಲಿ ಅವರು ನನಗಿಂತ ನಾಲ್ಕು ಜನ ಮುಂದಿದ್ದರು. ಬಿಸಿಲಿನ ಮಾತಾಡಿದೆವು. ಮನೆಗೆ ಬಂದಾಗ ಮಗಳು ನನ್ನ ಬೆರಳು ನೋಡಿ ಎಂದಿನಂತೆ ಕೇಳಿದಳು. ಅಂದು ನಾನು ಕೂತು ಹೇಳಿದೆ: ಇಂಥವರಿಗೆ ಹಾಕಿದೆ, ಅದಕ್ಕೆ ಕಾರಣಗಳು ಎರಡು. ಎರಡನ್ನೂ ಕ್ರಿಯಾಪದದವರೆಗೆ ಹೇಳಿದೆ. ಯಾರೂ ತಡೆಯಲಿಲ್ಲ. ಮೊದಲನೆಯದನ್ನು ಅವಳು ಒಪ್ಪಿದಳು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, 'ಅದು ಕಾರಣ ಅಲ್ಲ ಅಪ್ಪ, ನಿನಗೆ ಆ ಇನ್ನೊಬ್ಬರನ್ನ ಕಂಡರೆ ಆಗೋದಿಲ್ಲ, ಅಷ್ಟೆ,' ಎಂದಳು. ಇಲ್ಲವೆಂದು ನಾನು ವಾದಿಸಿದೆ. ಊಟ ತಣ್ಣಗಾಗುತ್ತಿದೆಯೆಂದು ಒಳಗಿನಿಂದ ಕೂಗು ಬಂತು.

ಆ ಹುಡುಗಿ ಈಚೆಗೆ ಮತ್ತೆ ಬರುತ್ತಾಳೆ, ಗಣಿತ ಹೇಳಿಸಿಕೊಳ್ಳಲು. ನಡುಮನೆಯಲ್ಲಿ ಟೆಲಿವಿಷನ್ ಹಾಕಿದ್ದರೆ ಒಳಗೆ ಬರದೆ ಜಗಲಿಯ ಮೇಲೇ ಪುಸ್ತಕ ಬಿಚ್ಚುತ್ತಾಳೆ.